ಆಕ್ಸ್‌ಫರ್ಡ್ ಲಸಿಕೆಯ ಪ್ರಯೋಗಕ್ಕೆ ತೋಳೊಡ್ಡಿದ ವರ್ಷ

ಕರ್ನಾಟಕದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರೇ ಇಲ್ಲದ ಮನೆ ಸಿಗುವುದು ಅಪರೂಪ. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾಗಿ ಬಂದ ಆ ಲಸಿಕೆಯನ್ನು ರೂಪಿಸಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ. ಜನರಿಗೆ ಕೊಡುವ ಮುನ್ನ ಅದನ್ನು ಸಾವಿರಾರು ಸ್ವಯಂಸೇವಕರ ಮೇಲೆ ಪರೀಕ್ಷಿಸಿದರು. ಅವರಲ್ಲಿ ನಾನೂ ಒಬ್ಬ. ಊರಿಗೆ ಹೋದಾಗಲೆಲ್ಲ ನೆಂಟರು ಮೊದಲು ಕೇಳುವುದು "ಎಷ್ಟು ದುಡ್ಡು ಕೊಟ್ಟರು?" ಎಂದು, ಆಮೇಲೆ "ಹೆದರಿಕೆ ಆಗಲಿಲ್ಲವೇ?" ಎಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಓಡಾಟದ ಖರ್ಚು ಕೊಟ್ಟರು, ಅಷ್ಟೇ. ದುಡ್ಡಿನ ಆಸೆಗೆ ಬಿದ್ದು ಯಾರೂ ಅಪಾಯಕ್ಕೆ ಒಪ್ಪಿಕೊಳ್ಳಬಾರದು ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡಲು, ಪ್ರಯೋಗಗಳನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಗಳು ಬಿಡುವುದಿಲ್ಲ. ಹೆದರಿಕೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ದಕ್ಷಿಣ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. 2020ರ ವಸಂತದಲ್ಲಿ ದಿನವಿಡೀ ಕೋವಿಡ್ ರೋಗಿಗಳ ಎದೆಯ ಚಿತ್ರ ತೆಗೆಯುತ್ತಿದ್ದೆ. ಏಪ್ರಿಲ್ 23ರಂದು ಆಕ್ಸ್‌ಫರ್ಡಿನಲ್ಲಿ ಮೊದಲ ಸ್ವಯಂಸೇವಕರಿಗೆ ಲಸಿಕೆ ಕೊಟ್ಟರು. ಆ ಮೊದಲ ಹಂತದಲ್ಲಿ ಇದ್ದವರು 18ರಿಂದ 55 ವರ್ಷದೊಳಗಿನ 1,077 ಮಂದಿ ಆರೋಗ್ಯವಂತರು. ಲಸಿಕೆಯಿಂದ ಅಪಾಯವಿದೆಯೇ, ದೇಹದಲ್ಲಿ ರೋಗಾಣುವನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆಯೇ ಎಂಬುದಷ್ಟೇ ಆಗ ಮುಖ್ಯ ಪ್ರಶ್ನೆ. ಮೇ ತಿಂಗಳ ಕೊನೆಗೆ ಎರಡು ಮತ್ತು ಮೂರನೆಯ ಹಂತಗಳನ್ನು ಒಂದುಗೂಡಿಸಿ ದೊಡ್ಡ ಪ್ರಯೋಗ ಶುರುವಾಯಿತು. ಲಸಿಕೆ ನಿಜವಾಗಿಯೂ ಕಾಯಿಲೆಯನ್ನು ತಡೆಯುತ್ತದೆಯೇ ಎಂಬುದನ್ನು ತೀರ್ಮಾನಿಸಬೇಕಾದದ್ದು ಈ ಪ್ರಯೋಗ. ಮನೆಯಿಂದ ಹೊರಗೆ ಕಾಲಿಡದವರಿಗೆ ಲಸಿಕೆ ಕೊಟ್ಟು, ಅವರಿಗೆ ಸೋಂಕು ತಗಲಲಿಲ್ಲ ಎಂದರೆ ಏನು ತಿಳಿದಂತಾಯಿತು? ಆದ್ದರಿಂದ ಸೋಂಕಿಗೆ ಎದುರಾಗಿಯೇ ಕೆಲಸ ಮಾಡುವವರು, ಅಂದರೆ ನನ್ನಂಥ ಆಸ್ಪತ್ರೆ ಸಿಬ್ಬಂದಿ, ಮೊದಲು ಬೇಕಾಗಿದ್ದರು.

ಹೆಸರು ಕೊಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಒಂದು ಗಳಿಗೆ ಸುಮ್ಮನಾದರು. ಮೊದಲ ಲಸಿಕೆ ಪಡೆದ ವಿಜ್ಞಾನಿ ಎಲಿಸಾ ಗ್ರನಾಟೊ ತೀರಿಕೊಂಡರೆಂಬ ಸುಳ್ಳು ಸುದ್ದಿ ಆ ಹೊತ್ತಿಗೆ ಎಲ್ಲೆಡೆ ಹರಿದಾಡಿತ್ತು. ತಾನು ಬದುಕಿದ್ದೇನೆ, ಚೆನ್ನಾಗಿದ್ದೇನೆ ಎಂದು ಆಕೆಯೇ ಹೇಳಬೇಕಾಗಿ ಬಂದಿತ್ತು. ಸುಳ್ಳು ಸುದ್ದಿ ದಾವಣಗೆರೆಯವರೆಗೆ ಬಂದಿತ್ತು. ಆಕೆಯ ಸ್ಪಷ್ಟನೆ ಬಂದಿರಲಿಲ್ಲ. "ನಿನ್ನನ್ನು ಪ್ರಯೋಗಪಶು ಮಾಡುತ್ತಾರಲ್ಲೋ" ಎಂದರು ಅಮ್ಮ. ನನಗೆ ಕೊಟ್ಟಿದ್ದ ಮಾಹಿತಿ ಪತ್ರವನ್ನು ಅವರಿಗೆ ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಗೆ ಹೇಳುವಾಗಲೇ ನನಗೂ ಅನೇಕ ಸಂಗತಿಗಳು ತಿಳಿಯಾದವು.

ಪ್ರಯೋಗದ ಪ್ರಾಯೋಜಕರು, ಅಂದರೆ ಪೂರ್ಣ ಹೊಣೆ ಹೊತ್ತವರು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಎಂದು ಪತ್ರ ಹೇಳುತ್ತಿತ್ತು. ಪ್ರಾಯೋಜಕರು ಎಂದ ಕೂಡಲೇ ನಮಗೆ ಹಣ ಹಾಕುವವರ ನೆನಪಾಗುತ್ತದೆ. ಇಲ್ಲಿ ಹಣ ಬಹುಪಾಲು ಬ್ರಿಟಿಷ್ ಸರ್ಕಾರದ ಸಂಶೋಧನಾ ಸಂಸ್ಥೆಗಳಿಂದ ಬಂದಿತ್ತು. ಪ್ರಾಯೋಜಕ ವಿಶ್ವವಿದ್ಯಾಲಯದ ಪಾಲಿಗೆ ಬರುವುದು ಬೇರೆ ಭಾರ. ಪ್ರಯೋಗದ ನಿಯಮಾವಳಿ ಬರೆಯುವುದು, ಅನುಮತಿ ಪಡೆಯುವುದು, ಭಾಗವಹಿಸಿದವರಿಗೆ ತೊಂದರೆಯಾದರೆ ವಿಮೆಯ ಮೂಲಕ ಪರಿಹಾರ ಕೊಡುವುದು, ಸಿಕ್ಕ ಅಂಕಿಅಂಶ ಕಾಯ್ದುಕೊಳ್ಳುವುದು, ಫಲಿತಾಂಶ ಒಳ್ಳೆಯದಾಗಲಿ ಕೆಟ್ಟದಾಗಲಿ ಹೊರಗೆ ಹೇಳುವುದು. ಪ್ರಯೋಗ ನಡೆಸಲು ಸೌತ್ ಸೆಂಟ್ರಲ್ ಬರ್ಕ್‌ಶೈರ್ ನೈತಿಕ ಸಮಿತಿ ಮತ್ತು ದೇಶದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿರಬೇಕಿತ್ತು. ಅಂಕಿಅಂಶಗಳ ಮೇಲೆ ಕಣ್ಣಿಡಲು ಪ್ರಯೋಗ ನಡೆಸುವವರಿಗೆ ಸೇರದ ತಜ್ಞರ ಇನ್ನೊಂದು ಸಮಿತಿ ಇತ್ತು. ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಹಂಚಲು ಆಸ್ಟ್ರಾಝೆನೆಕಾ ಕಂಪನಿ ಒಪ್ಪಂದ ಮಾಡಿಕೊಂಡಿದ್ದರೂ ನಾನಿದ್ದ ಪ್ರಯೋಗಕ್ಕೆ ಉತ್ತರ ಕೊಡಬೇಕಾದದ್ದು ವಿಶ್ವವಿದ್ಯಾಲಯವೇ.

ಇದೇ ಲಸಿಕೆಯನ್ನು ಅಮೆರಿಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ ಹೊಣೆ ಹೊತ್ತದ್ದು ಆಸ್ಟ್ರಾಝೆನೆಕಾ. ಭಾರತದಲ್ಲಿ ಸೀರಂ ಇನ್‌ಸ್ಟಿಟ್ಯೂಟ್ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1,600 ಮಂದಿಯ ಮೇಲೆ ಪ್ರಯೋಗ ನಡೆಸಿದವು. ಮೈಸೂರಿನ ಜೆಎಸ್‌ಎಸ್ ಸಂಸ್ಥೆಯೂ ಅದರ ಕೇಂದ್ರಗಳಲ್ಲಿ ಒಂದಾಗಿತ್ತು. ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ನಡೆದ ಮಾತ್ರಕ್ಕೆ ಅದು ವಿಶ್ವವಿದ್ಯಾಲಯದ ಪ್ರಯೋಗ ಆಗುವುದಿಲ್ಲ. ಕಾಲೇಜು ಬರೀ ಕೇಂದ್ರವಾಗಿರಬಹುದು, ಹೊಣೆಗಾರರು ಇನ್ನೆಲ್ಲೋ ಇರಬಹುದು. ಸಹಿ ಹಾಕುವ ಮೊದಲು ತಿಳಿದಿರಲೇಬೇಕಾದ ವಿಷಯ ಇದು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ವಿಶ್ವವಿದ್ಯಾಲಯಗಳು ಇಂಥ ಹೊರೆ ಹೊರುವುದಕ್ಕೆ ಒಂದು ದೊಡ್ಡ ಕಾರಣವಿದೆ. ಕೆಲವು ಪ್ರಶ್ನೆಗಳಿಂದ ಯಾರಿಗೂ ಲಾಭವಿಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ದಶಕಗಳಷ್ಟು ಹಳೆಯದು. ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ, ಬೆಲೆಯೂ ಅಗ್ಗ. ಅದು ಕೋವಿಡ್ ರೋಗಿಗಳ ಜೀವ ಉಳಿಸುತ್ತದೆಯೇ ಎಂದು ಹುಡುಕಲು ಯಾವ ಕಂಪನಿ ಕೋಟಿಗಟ್ಟಲೆ ಖರ್ಚು ಮಾಡುತ್ತದೆ? ಆ ಪ್ರಶ್ನೆ ಕೇಳಿದ್ದೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವೇ, ರಿಕವರಿ ಎಂಬ ಇನ್ನೊಂದು ಪ್ರಯೋಗದಲ್ಲಿ. 2020ರ ಜೂನ್ 16ರಂದು ಉತ್ತರ ಬಂತು: ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು, ಆಮ್ಲಜನಕದ ಮೇಲಿದ್ದವರ ಸಾವು ಐದನೇ ಒಂದರಷ್ಟು ಕಡಿಮೆಯಾಗಿತ್ತು. ಎಲ್ಲರೂ ಆಸೆಯಿಂದ ನೋಡುತ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಔಷಧದಿಂದ ಆಸ್ಪತ್ರೆ ಸೇರಿದವರಿಗೆ ಪ್ರಯೋಜನವಿಲ್ಲ ಎಂದು ತಿಳಿದದ್ದೂ ಅದೇ ಪ್ರಯೋಗದಿಂದ, ಅದೇ ತಿಂಗಳು. ಜೂನ್ 16ರ ಸುದ್ದಿ ಬಂದ ಸಂಜೆ ನಮ್ಮ ವಾರ್ಡಿನ ಡಾಕ್ಟರುಗಳ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯಲಾರೆ. ಕಾಯಿಲೆ ಬಂದಾಗಿನಿಂದ ಅವರ ಕೈಯಲ್ಲಿ ಏನೂ ಇರಲಿಲ್ಲ.

ಮೊದಲ ಭೇಟಿಯಲ್ಲಿ ಆರೋಗ್ಯ ತಪಾಸಣೆ. ಡಾಕ್ಟರು ನನ್ನ ಎದುರು ಕುಳಿತು, ಮನೆಯಲ್ಲಿ ನಾನು ಓದಿ ಮುಗಿಸಿದ್ದ ಮಾಹಿತಿ ಪತ್ರವನ್ನು ಮತ್ತೆ ಮೊದಲಿನಿಂದ ವಿವರಿಸಿದರು. "ಇದರಿಂದ ನಿಮಗೆ ಲಾಭವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಲಾಭವಾಗದೇ ಇರಬಹುದು" ಎಂದರು. ಈ ಮಾತನ್ನು ಅವರು ಎಲ್ಲರಿಗೂ ಹೇಳಲೇಬೇಕು, ಅದು ನಿಯಮ. ಆದರೂ ಅವರು ಕಾಗದ ನೋಡದೆ ನನ್ನ ಮುಖ ನೋಡಿ ಹೇಳಿದ ರೀತಿಯಿಂದ ನನಗೆ ಧೈರ್ಯ ಬಂತು. ರೋಗಿಯಾಗಿ ಡಾಕ್ಟರ ಬಳಿ ಹೋದಾಗ ಅವರ ಕೆಲಸ ನನ್ನನ್ನು ಗುಣಪಡಿಸುವುದು. ಪ್ರಯೋಗದಲ್ಲಿ ಅವರು ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿರುತ್ತಾರೆ, ನಾನು ಅದಕ್ಕೆ ನೆರವಾಗುತ್ತಿರುತ್ತೇನೆ. ಈ ಎರಡು ಸಂಬಂಧಗಳು ಬೇರೆ ಎಂದು ಸ್ವಯಂಸೇವಕನಿಗೆ ಗೊತ್ತಿರಬೇಕು. ಹೊಸ ಔಷಧ ಎಂದರೆ ಒಳ್ಳೆಯ ಔಷಧ, ಪ್ರಯೋಗಕ್ಕೆ ಸೇರಿದರೆ ದೊಡ್ಡ ಡಾಕ್ಟರ ಹತ್ತಿರ ಒಳ್ಳೆಯ ಚಿಕಿತ್ಸೆ ಸಿಗುತ್ತದೆ ಎಂದುಕೊಂಡು ಸಹಿ ಹಾಕುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಆಮೇಲೆ ಹಕ್ಕುಗಳ ಮಾತು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ, ಬಿಟ್ಟು ಹೋದರೆ ನನ್ನ ಮಾಮೂಲಿ ಚಿಕಿತ್ಸೆಗೆ ಧಕ್ಕೆ ಬರುವುದಿಲ್ಲ. ನನ್ನ ಕುಟುಂಬ ವೈದ್ಯರಿಗೆ ವಿಷಯ ತಿಳಿಸುತ್ತಾರೆ, ಅದಕ್ಕೂ ನನ್ನ ಒಪ್ಪಿಗೆ ಬೇಕು. ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂಬುದಕ್ಕೆ ಪ್ರತ್ಯೇಕ ಚೌಕ. ಒಂದೊಂದು ಚೌಕದಲ್ಲೂ ನಾನೇ ನನ್ನ ಹೆಸರಿನ ಮೊದಲಕ್ಷರಗಳನ್ನು ಬರೆಯಬೇಕಿತ್ತು. ಹೀಗೆ ಬರೆಯುವಾಗ ಕೈ ತಾನಾಗಿ ನಿಧಾನವಾಗುತ್ತದೆ, ಪ್ರತಿ ಸಾಲನ್ನೂ ಮತ್ತೊಮ್ಮೆ ಓದುವಂತಾಗುತ್ತದೆ. ಕೊನೆಯಲ್ಲಿ ಒಂದೇ ಸಹಿ ಪಡೆಯುವುದಕ್ಕಿಂತ ಇದು ಎಷ್ಟೋ ಮೇಲು.

ಯಾರಿಗೆ ಯಾವ ಚುಚ್ಚುಮದ್ದು ಎಂಬುದನ್ನು ಕಂಪ್ಯೂಟರ್ ತೀರ್ಮಾನಿಸಿತು. ನಮ್ಮ ಗುಂಪಿನಲ್ಲಿ ಅರ್ಧದಷ್ಟು ಜನರಿಗೆ ಕೋವಿಡ್ ಲಸಿಕೆ, ಉಳಿದರ್ಧಕ್ಕೆ ಮೆನಿಂಜೈಟಿಸ್ ಎಂಬ ಮಿದುಳು ಪೊರೆಯ ಉರಿಯೂತವನ್ನು ತಡೆಯುವ, ಈಗಾಗಲೇ ಬಳಕೆಯಲ್ಲಿರುವ ಲಸಿಕೆ. ಡಾಕ್ಟರಿಗಾಗಲಿ ನನಗಾಗಲಿ ಆಯ್ಕೆ ಇರಲಿಲ್ಲ. ಡಾಕ್ಟರಿಗೆ ಆಯ್ಕೆ ಬಿಟ್ಟರೆ ದುರ್ಬಲರಾಗಿ ಕಂಡವರಿಗೆ, ಇಲ್ಲವೇ ಗಟ್ಟಿಮುಟ್ಟಾಗಿ ಕಂಡವರಿಗೆ ಹೊಸ ಲಸಿಕೆ ಕೊಟ್ಟಾರು. ಕೊನೆಗೆ ಕಂಡ ವ್ಯತ್ಯಾಸ ಲಸಿಕೆಯದೋ ಜನರದೋ ಎಂದು ಹೇಳಲಾಗದು. ಬರಿಯ ಉಪ್ಪುನೀರು ಚುಚ್ಚದೆ ಇನ್ನೊಂದು ಲಸಿಕೆಯನ್ನೇ ಯಾಕೆ ಕೊಡುತ್ತೀರಿ ಎಂದು ಕೇಳಿದೆ. ಉಪ್ಪುನೀರಿಗೆ ತೋಳು ನೋಯುವುದಿಲ್ಲ, ಆಗ ತಮಗೆ ಸಿಕ್ಕಿದ್ದು ಏನೆಂದು ಜನರಿಗೆ ಗೊತ್ತಾಗಿಬಿಡುತ್ತದೆ ಎಂದರು. ಲಸಿಕೆ ಸಿಕ್ಕಿದೆ ಎಂದು ಗೊತ್ತಾದವರು ಧೈರ್ಯವಾಗಿ ಓಡಾಡುತ್ತಾರೆ, ಸಿಗದವರು ಹುಷಾರಾಗಿರುತ್ತಾರೆ. ಹಾಗಾದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಚುಚ್ಚುಮದ್ದನ್ನು ನಮ್ಮ ಕಣ್ಣಿಗೆ ಬೀಳದಂತೆ ಬೇರೆ ಕಡೆ ತುಂಬಿಸಿ ತಂದರು. ಒಳಗಿನ ದ್ರವದ ಬಣ್ಣ ಕಾಣದಂತೆ ಸಿರಿಂಜಿಗೆ ಹೊದಿಕೆ ಸುತ್ತಿದ್ದರು. ನಾನು ಎಷ್ಟು ಕತ್ತು ಚಾಚಿ ನೋಡಿದರೂ ಕಂಡದ್ದು ಸೂಜಿಯ ತುದಿ ಮಾತ್ರ. ಚುಚ್ಚಿದ ನರ್ಸ್‌ಗೆ ಒಳಗೆ ಏನಿದೆ ಎಂದು ಗೊತ್ತಿತ್ತು. ಅದೇ ಕಾರಣಕ್ಕೆ ಮುಂದಿನ ತಪಾಸಣೆಗಳಲ್ಲಿ ಅವರಿಗೆ ಕೆಲಸವಿರಲಿಲ್ಲ. ಅವರು ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತನಾಡಲಿಲ್ಲ. ರಾತ್ರಿ ತೋಳು ಚೆನ್ನಾಗಿ ನೋಯಿತು, ಮೈ ಸ್ವಲ್ಪ ಬೆಚ್ಚಗಾಯಿತು. ಸಿಕ್ಕಿದ್ದು ಕೋವಿಡ್ ಲಸಿಕೆಯೇ ಎಂದು ಮನಸ್ಸು ನಿಶ್ಚಯಿಸಿಬಿಟ್ಟಿತು.

ಅಲ್ಲಿಂದ ಮುಂದೆ ನನ್ನ ಪಾಲಿಗೆ ಪ್ರಯೋಗವೆಂದರೆ ವಾರಕ್ಕೊಮ್ಮೆ ಮಾಡಿಕೊಳ್ಳುವ ಸ್ವಾಬ್ ಪರೀಕ್ಷೆ. ಕಿಟ್ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಬಚ್ಚಲಮನೆಯ ಕನ್ನಡಿಯ ಮುಂದೆ ಬಾಯಿ ಅಗಲಿಸಿ ನಿಂತು, ಉದ್ದನೆಯ ಕಡ್ಡಿಯ ಹತ್ತಿ ಸುತ್ತಿದ ತುದಿಯನ್ನು ಗಂಟಲಿನ ಎರಡೂ ಬದಿಗೆ ಉಜ್ಜಬೇಕು. ನಾಲಿಗೆಗೆ, ಹಲ್ಲಿಗೆ ತಾಗಬಾರದು. ಓಕರಿಕೆ ಬರುತ್ತದೆ, ಕಣ್ಣಲ್ಲಿ ನೀರು ತುಂಬುತ್ತದೆ. ಅದೇ ಕಡ್ಡಿಯನ್ನು ಮೂಗಿನೊಳಗೆ ತಿರುಗಿಸಿ, ದ್ರವವಿರುವ ಕೊಳವೆಗೆ ಇಳಿಸಿ, ಗುರುತಿರುವ ಕಡೆ ಲಟಕ್ಕನೆ ಮುರಿದು ಮುಚ್ಚಳ ಬಿಗಿಯಬೇಕು. ಆಮೇಲೆ ಅಂಟುಚೀಟಿ, ಚೀಲ, ಪೆಟ್ಟಿಗೆ, ಅಂಚೆ ಡಬ್ಬಿ. ರೋಗ ಲಕ್ಷಣವಿಲ್ಲದ ಸೋಂಕನ್ನೂ ಹಿಡಿಯುವುದು ಇದರ ಉದ್ದೇಶ. ಸಾವಿರಾರು ಮನೆಗಳಲ್ಲಿ ಸಾವಿರಾರು ಜನ ಹೀಗೆ ಕನ್ನಡಿಯ ಮುಂದೆ ಕೆಮ್ಮುತ್ತಾ ನಿಂತಿದ್ದರಿಂದ ಆ ಪ್ರಯೋಗ ನಡೆಯಿತು. ಸುದ್ದಿಯಲ್ಲಿ ಕಾಣುವ ಪ್ರಯೋಗಾಲಯಗಳ ಹಿಂದೆ ಇರುವುದು ಈ ಬೇಸರದ ದುಡಿಮೆ.

ಸೆಪ್ಟೆಂಬರಿನಲ್ಲಿ ಪ್ರಯೋಗ ನಿಂತಿತು. ಬ್ರಿಟನ್ನಿನಲ್ಲಿ ಭಾಗವಹಿಸಿದ್ದ ಒಬ್ಬರಲ್ಲಿ ನರಗಳಿಗೆ ಸಂಬಂಧಿಸಿದ ಗಂಭೀರ ತೊಂದರೆ ಕಂಡಿತ್ತು. 6ನೇ ತಾರೀಖು ಎಲ್ಲರಿಗೂ ಚುಚ್ಚುಮದ್ದು ಕೊಡುವುದನ್ನು ನಿಲ್ಲಿಸಿ ಸ್ವತಂತ್ರ ತಜ್ಞರಿಗೆ ವಿವರಗಳನ್ನು ಒಪ್ಪಿಸಿದರು. ಅವರೂ ನಿಯಂತ್ರಣ ಸಂಸ್ಥೆಯೂ ಪರಿಶೀಲಿಸಿ ಮುಂದುವರಿಸಬಹುದು ಎಂದ ಮೇಲೆ 12ರಂದು ಮತ್ತೆ ಶುರುವಾಯಿತು. ಆ ದಿನಗಳಲ್ಲಿ ಅಮ್ಮ ದಿನಕ್ಕೆರಡು ಬಾರಿ ಫೋನ್ ಮಾಡುತ್ತಿದ್ದರು. ಅವರಿಗೆ ಅದು ಕೆಟ್ಟ ಶಕುನ. ನನಗೆ ಮಾತ್ರ ಆ ವಾರವೇ ನಿಜವಾದ ಭರವಸೆ ಹುಟ್ಟಿತು. ಇಡೀ ಜಗತ್ತು ಲಸಿಕೆಗಾಗಿ ಬಾಯಿಬಿಟ್ಟು ಕಾಯುತ್ತಿದ್ದಾಗ ಒಬ್ಬ ವ್ಯಕ್ತಿಯ ಆರೋಗ್ಯಕ್ಕಾಗಿ ಎಲ್ಲವನ್ನೂ ನಿಲ್ಲಿಸಲು ಇವರಿಗೆ ಸಾಧ್ಯವಿದೆ ಎಂದು ಕಣ್ಣಾರೆ ಕಂಡೆ.

ಒಂದೇ ಡೋಸ್ ಎಂದು ಶುರುವಾಗಿದ್ದ ಪ್ರಯೋಗಕ್ಕೆ ನಡುವೆ ಎರಡನೆಯ ಡೋಸ್ ಸೇರಿಸಿದರು. ಎರಡನೆಯದರಿಂದ ಪ್ರತಿಕಾಯಗಳು ಹೆಚ್ಚುತ್ತವೆ ಎಂದು ಮೊದಲ ಹಂತದಲ್ಲಿ ತಿಳಿದಿತ್ತು. ಪರಿಷ್ಕೃತ ಮಾಹಿತಿ ಪತ್ರ ಬಂತು, ಮತ್ತೆ ಚೌಕಗಳು, ಮತ್ತೆ ಒಪ್ಪಿಗೆ. ಹೀಗೆ ತಡವಾಗಿ ಸೇರಿಸಿದ್ದರಿಂದ ಬೇರೆ ಬೇರೆಯವರಿಗೆ ಬೇರೆ ಬೇರೆ ಅಂತರದಲ್ಲಿ ಎರಡನೆಯ ಡೋಸ್ ಸಿಕ್ಕಿತು. ಅಂತರ ಹನ್ನೆರಡು ವಾರ ಅಥವಾ ಹೆಚ್ಚಿದ್ದವರಲ್ಲಿ ರಕ್ಷಣೆ ಹೆಚ್ಚು ಎಂದು 2021ರ ಆರಂಭದಲ್ಲಿ ಲೆಕ್ಕ ಸಿಕ್ಕಿತು. ಊರಿನಲ್ಲಿ ಕೋವಿಶೀಲ್ಡ್ ಎರಡನೆಯ ಡೋಸ್‌ಗೆ 84 ದಿನ ಕಾಯಿಸಿದ್ದು ನೆನಪಿದೆಯಲ್ಲವೇ? ಹೆಚ್ಚು ಅಂತರದ ಪರವಾಗಿ ಇದ್ದ ಒಂದು ಮುಖ್ಯ ಪುರಾವೆ ಈ ಪ್ರಯೋಗಗಳದ್ದು.

ನವೆಂಬರ್ 23ರಂದು ಮೊದಲ ಫಲಿತಾಂಶ ಬಂತು, ಡಿಸೆಂಬರ್ 8ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವಿವರಗಳು ಅಚ್ಚಾದವು. ಬ್ರಿಟನ್ ಮತ್ತು ಬ್ರೆಜಿಲ್‌ಗಳ 11,636 ಮಂದಿಯ ಲೆಕ್ಕ ಅದು. ಲಸಿಕೆ ಪಡೆದ 5,807 ಮಂದಿಯಲ್ಲಿ 30 ಜನರಿಗೆ ರೋಗ ಲಕ್ಷಣಗಳೊಂದಿಗೆ ಕೋವಿಡ್ ಬಂದಿತ್ತು. ಇನ್ನೊಂದು ಗುಂಪಿನ 5,829 ಮಂದಿಯಲ್ಲಿ 101 ಜನರಿಗೆ. ಗುಂಪುಗಳ ಗಾತ್ರ ಹೆಚ್ಚೂಕಡಿಮೆ ಒಂದೇ. ಲಸಿಕೆ ಇಲ್ಲದಿದ್ದರೆ ಸುಮಾರು ನೂರು ಜನ ಕಾಯಿಲೆ ಬೀಳುವ ಕಡೆ ಮೂವತ್ತು ಜನ ಬಿದ್ದರು. ಶೇ 70ರಷ್ಟು ಪರಿಣಾಮಕಾರಿ ಎಂದು ಪತ್ರಿಕೆಗಳು ಬರೆದದ್ದು ಇದನ್ನೇ. ನೂರು ಜನ ಲಸಿಕೆ ಹಾಕಿಸಿಕೊಂಡರೆ ಎಪ್ಪತ್ತು ಜನರಿಗೆ ಮಾತ್ರ ಅದು ಹಿಡಿಯುತ್ತದೆ ಎಂದು ಎಷ್ಟೋ ಮಂದಿ ತಿಳಿದುಕೊಂಡರು, ಅದು ತಪ್ಪು. ಹಾಗೆಯೇ ಆ ಒಂದು ಅಂಕಿಯೊಳಗೆ ಎರಡು ಅಂಕಿಗಳಿದ್ದವು: ಎರಡು ಪೂರ್ಣ ಡೋಸ್ ಪಡೆದವರಲ್ಲಿ ಶೇ 62, ಮೊದಲು ಅರ್ಧ ಆಮೇಲೆ ಪೂರ್ಣ ಡೋಸ್ ಪಡೆದ ಚಿಕ್ಕ ಗುಂಪಿನಲ್ಲಿ ಶೇ 90. ಲಸಿಕೆಯ ಪ್ರಮಾಣವನ್ನು ಅಳೆಯುವ ಎರಡು ವಿಧಾನಗಳು ಬೇರೆ ಬೇರೆ ಉತ್ತರ ಕೊಟ್ಟದ್ದರಿಂದ ಆ ಅರ್ಧ ಡೋಸ್‌ನ ಗುಂಪು ಉಂಟಾಗಿತ್ತು. ಇದನ್ನೂ ಮುಚ್ಚಿಡದೆ ಪ್ರಕಟಿಸಿದರು. ಟೀಕೆಯೂ ಬಂತು, ಬರಬೇಕಾದದ್ದೇ.

2020ರ ಡಿಸೆಂಬರ್ 30ರಂದು ಬ್ರಿಟನ್ ಲಸಿಕೆಗೆ ಅನುಮತಿ ಕೊಟ್ಟಿತು. ಸಿಬ್ಬಂದಿಯಾದ ನನಗೂ ಲಸಿಕೆಯ ಸರದಿ ಬಂದಾಗ, ನನಗೆ ಕೊಟ್ಟಿದ್ದು ಏನೆಂದು ತಿಳಿಸಿ ಎಂದು ಪ್ರಯೋಗದ ಕಚೇರಿಯನ್ನು ಕೇಳಿದೆ. ಉತ್ತರ: ಮೆನಿಂಜೈಟಿಸ್ ಲಸಿಕೆ. ತೋಳು ನೋಯಿಸಿ ನನ್ನನ್ನು ನಂಬಿಸಿದ್ದು ಅದೇ! ಅಂದರೆ ಅದನ್ನು ಆರಿಸಿದವರ ಉದ್ದೇಶ ನನ್ನ ಮಟ್ಟಿಗಂತೂ ಪೂರ್ತಿ ಈಡೇರಿತ್ತು. ಕೆಲವು ಗೆಳೆಯರು "ಪಾಪ, ನಿನ್ನ ಶ್ರಮವೆಲ್ಲ ವ್ಯರ್ಥ" ಎಂದರು. ಅವರ ಮಾತಿಗೆ ನಾನು ಒಪ್ಪುವುದೇ ಇಲ್ಲ. 30 ಎಂಬ ಅಂಕಿಗೆ ಅರ್ಥ ಬಂದದ್ದು ಪಕ್ಕದಲ್ಲಿ 101 ಇದ್ದದ್ದರಿಂದ. ಲಸಿಕೆ ಸಿಗದ ನಮ್ಮ ಗುಂಪಿನವರೇ ಅಳತೆಗೋಲು. ಆ ಚಳಿಗಾಲದಲ್ಲಿ ರಕ್ಷಣೆಯಿಲ್ಲದೆ ವಾರ್ಡಿನಲ್ಲಿ ದುಡಿದ ಆ ಗುಂಪಿನವರನ್ನು ನೆನೆದರೆ ನನಗೆ ಇವತ್ತಿಗೂ ಅಭಿಮಾನ ಉಕ್ಕುತ್ತದೆ.

ಇಷ್ಟು ದೊಡ್ಡ ಪ್ರಯೋಗಕ್ಕೂ ಕಾಣದ ಸಂಗತಿಗಳಿರುತ್ತವೆ. 2021ರ ವಸಂತದಲ್ಲಿ, ಲಕ್ಷಾಂತರ ಜನರಿಗೆ ಲಸಿಕೆ ಕೊಟ್ಟ ಮೇಲೆ, ಪ್ಲೇಟ್‌ಲೆಟ್ ಎಂಬ ರಕ್ತಕಣಗಳ ಸಂಖ್ಯೆ ಕುಸಿದು ರಕ್ತ ಹೆಪ್ಪುಗಟ್ಟುವ ಅಪರೂಪದ, ಕೆಲವರ ಜೀವವನ್ನೇ ತೆಗೆದ ತೊಂದರೆ ಬೆಳಕಿಗೆ ಬಂತು. ಮೇ ತಿಂಗಳಲ್ಲಿ ಬ್ರಿಟನ್ 40 ವರ್ಷಕ್ಕಿಂತ ಚಿಕ್ಕವರಿಗೆ ಸಾಧ್ಯವಾದಲ್ಲಿ ಬೇರೆ ಲಸಿಕೆ ಕೊಡುವಂತೆ ಹೇಳಿತು. ಹತ್ತಾರು ಸಾವಿರ ಜನರಲ್ಲಿ ಒಬ್ಬರಿಗೆ ಆಗುವ ಅನಾಹುತ ಕೆಲವು ಸಾವಿರ ಜನರ ಪ್ರಯೋಗದಲ್ಲಿ ಕಣ್ಣಿಗೆ ಬೀಳದೇ ಹೋಗಬಹುದು. ಅದಕ್ಕಾಗಿಯೇ ಅನುಮತಿ ಸಿಕ್ಕ ಮೇಲೂ ನಿಗಾ ಮುಂದುವರಿಯಬೇಕು. ಆ ತೊಂದರೆಗೆ ಸಿಕ್ಕವರ ನೋವನ್ನು ಅಂಕಿಗಳ ಹಿಂದೆ ಮರೆಮಾಡುವುದು ಅನ್ಯಾಯ. ಲಸಿಕೆಯಿಂದ ಉಳಿದ ಜೀವಗಳನ್ನು ಮರೆಯುವುದೂ ಅನ್ಯಾಯ.

ನಮ್ಮಲ್ಲಿ ಪ್ರಯೋಗ ಎಂದರೆ ಜನ ಬೆಚ್ಚುವುದಕ್ಕೆ ಕಾರಣಗಳಿವೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹೆಣ್ಣುಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಕೊಟ್ಟ ಯೋಜನೆಯಲ್ಲಿ ಹಲವು ಒಪ್ಪಿಗೆ ಪತ್ರಗಳಿಗೆ ತಂದೆತಾಯಿಯ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಸಂಸತ್ತಿನ ಸಮಿತಿ ಅದನ್ನು ಕಟುವಾಗಿ ಖಂಡಿಸಿತು. ಆಮೇಲೆ ನಿಯಮಗಳು ಬಿಗಿಯಾಗುತ್ತಾ ಬಂದು 2019ರಲ್ಲಿ ಹೊಸ ಔಷಧಗಳ ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಾವಳಿ ಜಾರಿಯಾಯಿತು. ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರು, ಅವರಲ್ಲಿ ಕಾನೂನು ಬಲ್ಲವರು, ಒಬ್ಬ ಮಹಿಳೆ, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ವಿಶ್ವವಿದ್ಯಾಲಯದವರೇ ಹಮ್ಮಿಕೊಳ್ಳುವ ಪ್ರಯೋಗಗಳಿಗೂ ಅದರಲ್ಲಿ ಜಾಗವಿದೆ: ಈಗಾಗಲೇ ಬಳಕೆಯಲ್ಲಿರುವ ಔಷಧವನ್ನು ಬೇರೆ ಕಾಯಿಲೆಗೋ ಬೇರೆ ಪ್ರಮಾಣದಲ್ಲೋ ಕೇವಲ ಅಧ್ಯಯನಕ್ಕಾಗಿ ಪರೀಕ್ಷಿಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆ ಸಾಕು, ದೆಹಲಿಯ ಔಷಧ ನಿಯಂತ್ರಕರ ಅನುಮತಿಗೆ ಕಾಯಬೇಕಿಲ್ಲ. ಸಮಿತಿ ಎಚ್ಚರವಾಗಿದ್ದರೆ ಇದು ಒಳ್ಳೆಯದು. ಸಮಿತಿ ತೂಕಡಿಸಿದರೆ ರೋಗಿಯನ್ನು ಕಾಯುವವರು ಇಲ್ಲ.

ಈಚೆಗೆ ಚಿಕ್ಕಪ್ಪನಿಗೆ ಮಧುಮೇಹದ ಚಿಕಿತ್ಸೆ ನಡೆಯುತ್ತಿದ್ದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹಳೆಯ ಮಾತ್ರೆಯೊಂದರ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರಂತೆ. ನನಗೆ ಫೋನ್ ಮಾಡಿದರು. ಸೇರಿ, ಬೇಡ ಎಂದು ಹೇಳಲು ನಾನು ಯಾರು? ಕೇಳಬೇಕಾದದ್ದನ್ನು ಮಾತ್ರ ಹೇಳಿದೆ. ಅಧ್ಯಯನದ ಹೊಣೆ ಯಾರದು, ಕಾಲೇಜಿನದೋ ಕಂಪನಿಯದೋ? ಸಿಟಿಆರ್‌ಐ, ಅಂದರೆ ದೇಶದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆ ಪಟ್ಟಿಯಲ್ಲಿ, ಅದರ ನೋಂದಣಿ ಸಂಖ್ಯೆ ಏನು? ಆ ಸಂಖ್ಯೆ ಇದ್ದರೆ ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ವಿವರ ನೋಡಬಹುದು. 2009ರಿಂದ ನೋಂದಣಿ ಕಡ್ಡಾಯ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ನಿಲ್ಲಿಸಬೇಕೇ? ತೊಂದರೆಯಾದರೆ ಆಸ್ಪತ್ರೆಯ ಖರ್ಚು, ಪರಿಹಾರ ಯಾರ ಮೇಲೆ? ರಾತ್ರಿ ಹೊತ್ತು ಏನಾದರೂ ಆದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಮಾಹಿತಿ ಪತ್ರ ಕನ್ನಡದಲ್ಲಿದೆಯೇ, ಅದನ್ನು ಮನೆಗೆ ಒಯ್ದು ಓದಿ ನಾಲ್ಕು ದಿನ ಬಿಟ್ಟು ಉತ್ತರ ಹೇಳಬಹುದೇ?

ಚಿಕ್ಕಪ್ಪ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿದರು. ಅಲ್ಲಿನ ಯುವ ವೈದ್ಯೆ ಬೇಸರಿಸದೆ ಒಂದೊಂದಕ್ಕೂ ಉತ್ತರ ಕೊಟ್ಟು, ಕನ್ನಡದ ಪತ್ರವನ್ನು ಕೈಗಿತ್ತು ಕಳಿಸಿದರಂತೆ. ಪದೇ ಪದೇ ರಕ್ತ ಪರೀಕ್ಷೆಗೆ ಬಸ್ಸು ಹತ್ತಿ ಹೋಗುವುದು ತಮ್ಮ ಮಂಡಿನೋವಿಗೆ ಆಗದ ಮಾತು ಎಂದು ಮುಂದಿನ ವಾರ ಬೇಡವೆಂದರು. "ಸರಿ ಅಜ್ಜಾ, ಪರವಾಗಿಲ್ಲ" ಎಂದು ಆಕೆ ಎಂದಿನ ಮಾತ್ರೆಗಳ ಚೀಟಿಯನ್ನೇ ಬರೆದುಕೊಟ್ಟರು. ಅದೇ ಬೆಂಚಿನಲ್ಲಿ ಕುಳಿತಿದ್ದ ಹರಿಹರದ ಹೆಂಗಸೊಬ್ಬರು ಚಿಕ್ಕಪ್ಪನಿಂದ ಆ ಪ್ರಶ್ನೆಗಳ ಚೀಟಿಯನ್ನು ಇಸಿದುಕೊಂಡು ಒಳಗೆ ಹೋದರಂತೆ. ಅವರು ಅಧ್ಯಯನಕ್ಕೆ ಸೇರಿದ್ದಾರೆ.